ಮಂಚಮ್ಮನ ಕತೆಗೆ ಅಣ್ಣ ಬರಬೇಕೋ ಬೇಡವೋ

ಸರಸ್ವತಿಪುರಂನ ಹುಡುಗಿಯರ ಮೆಸ್ಸಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮಂಚಮ್ಮ ಚಿತ್ರಾನ್ನದ ಒಗ್ಗರಣೆಗೆ ಎರಡನೇ ಸಲ ಉಪ್ಪು ಹಾಕಿ, ಅನುಮಾನ ಬಂದು ನಾಲಿಗೆಗೆ ಹಚ್ಚಿ ನೋಡಿ, "ಅಯ್ಯೋ ಶಿವನೇ" ಎನ್ನುತ್ತ ಇನ್ನಷ್ಟು ಅನ್ನ ಸುರಿಯುತ್ತಿದ್ದಾರೆ. ವರ್ಷಾನುಗಟ್ಟಲೆ ಇಲ್ಲೇ ಬೇಯಿಸಿದ ಕೈ ಅದು. ಇವತ್ತು ಮಾತ್ರ ತಲೆಯೇ ನಿಲ್ಲುತ್ತಿಲ್ಲ.

"ಅಣ್ಣ ಬರ್ಬೇಕೋ ಬ್ಯಾಡ್ವೋ, ಅದೇ ಗೊತ್ತಾಯ್ತಾ ಇಲ್ಲ ಕಣಮ್ಮ," ಎಂದು ಲೋಟ ಹಿಡಿದು ಕಾಫಿಗೆ ನಿಂತ ರಕ್ಷಿತಾಳಿಗೆ ಹೇಳುತ್ತಾರೆ.

ಅಣ್ಣ ಎಂದರೆ ಕತೆಯ ಅಣ್ಣ. ದಿನಾ ಅರವತ್ತು ತಟ್ಟೆಗೆ ಬಡಿಸುವ ಮಂಚಮ್ಮ ಶನಿವಾರ ಮಧ್ಯಾಹ್ನ ಹತ್ತಿರದ ಕಾಲೇಜಿನಲ್ಲಿ ಕತೆ ಬರೆಯುವುದನ್ನು ಕಲಿಯುತ್ತಾರೆ. ಊರವರೂ ಸೇರಬಹುದಾದ ತರಗತಿ ಅದು. ಬಡಿಸುತ್ತ ಇವರು ಹೇಳುವ ಕತೆಗಳಿಗೆ ಮಾರುಹೋದ ರಕ್ಷಿತಾ, ಏಳನೇ ಕ್ಲಾಸಿಗೆ ಓದು ಬಿಟ್ಟಿದ್ದ ಇವರನ್ನು ಕೈ ಹಿಡಿದು ಅಲ್ಲಿಗೆ ಎಳೆದೊಯ್ದಳು. "ಇದ್ದ ಬುದ್ಧೀನೂ ಕೆಟ್ಟೋಯ್ತು," ಎನ್ನುತ್ತಾರೆ ಮಂಚಮ್ಮ. "ಒಂದಿನ ಕಲ್ಪಿಸಿ ಬರೀರಿ ಅಂತಾರೆ. ಇನ್ನೊಂದಿನ ಸುಳ್ಳು ಕಾಣ್ತದೆ ಅಂತಾರೆ. ನಾನೆಂಗೆ ಮಾಡ್ಲಿ?"

ಅವರು ಬರೆದ ಕತೆಯಲ್ಲಿ ಅಡುಗೆಯವಳೊಬ್ಬಳ ತಲೆಗೆ ಕಾಗೆ ಬಡಿಯುತ್ತದೆ. ಕೇಡು ಕಳೆಯಲು ಅವಳು ಸತ್ತಳೆಂದು ನೆಂಟರಿಗೆ ಸುದ್ದಿ ಮುಟ್ಟಿಸಬೇಕು. ಅವರು ಅತ್ತ ಮೇಲೆ ನಿಜ ಹೇಳಬೇಕು. ಈ ಕಡೆ ಹಳಬರು ಇನ್ನೂ ಬಿಡದ ಪದ್ಧತಿ. ಇಲವಾಲದ ಅಣ್ಣನಿಗೆ ಫೋನು ಹೋಗುತ್ತದೆ. ತನ್ನ ಮಗನಿಗೆ ಹೆಣ್ಣು ಕೊಡಲಿಲ್ಲವೆಂದು ತಂಗಿಯೊಡನೆ ಮಾತು ಬಿಟ್ಟವನು, ಎದೆ ಬಡಿದುಕೊಂಡು ಓಡಿಬರುತ್ತಾನೆ. ಬದುಕಿರುವ ತಂಗಿಯನ್ನು ಕಂಡು ಬಾಯಿತುಂಬ ಬೈಯುತ್ತಾನೆ. ಬೈಯುತ್ತಲೇ ಅವಳು ಬಡಿಸಿದ ಊಟಕ್ಕೆ ಕೂರುತ್ತಾನೆ.

ಪಾಠ ಹೇಳುವ ಗಿರಿಜಾಂಬಾ ಅವರಿಗೆ ಕತೆ ಹಿಡಿಸಿದೆ, ಕೊನೆ ಹಿಡಿಸಿಲ್ಲ. "ಇಷ್ಟು ಸಲೀಸಾಗಿ ಯಾರೂ ಬರಲ್ಲ ಮಂಚಮ್ಮ. ಅಣ್ಣ ಬಾರದೇ ಇರಲಿ. ಬದಲಾಯಿಸಿ ತನ್ನಿ, ತರಗತಿಯ ಪುಸ್ತಕದಲ್ಲಿ ಅಚ್ಚು ಹಾಕಿಸೋಣ," ಎಂದಿದ್ದರು. ಅದಕ್ಕೆ ಇವತ್ತೇ ಕಡೆಯ ದಿನ. ತನ್ನ ಹೆಸರನ್ನು ಒಮ್ಮೆ ಅಚ್ಚಿನಲ್ಲಿ ನೋಡಬೇಕೆಂದು ಮಂಚಮ್ಮನಿಗೆ ಬಲು ಆಸೆ. ಅದಕ್ಕಾಗಿ ಅಣ್ಣನನ್ನು ಇಲವಾಲದಲ್ಲೇ ತಡೆಯಬೇಕು. ಎಂಥ ಫಜೀತಿ ನೋಡಿ.

ಮಧ್ಯಾಹ್ನ ತರಗತಿಯಲ್ಲಿ ಅವರು ಎದ್ದು ನಿಂತು ಓದುತ್ತಾರೆ. ಅಣ್ಣ ಈ ಸಲವೂ ಬರುತ್ತಾನೆ.

"ಯಾಕೆ ಬದಲಾಯಿಸಲಿಲ್ಲ?" ಎಂದು ಗಿರಿಜಾಂಬಾ ಕೇಳುತ್ತಾರೆ.

"ತಿಳೀನಿಲ್ಲ ಮೇಡಮ್ಮೋರೆ. ಕಾಗೆ ಬಡ್ದಿದ್ದು ನನ್ ತಲೇಗೇಯ. ನಮ್ಮನೆಯೋರು ಫೋನ್ ಮಾಡಿ ನಾನು ಹೋಗ್ಬುಟ್ಟೆ ಅಂದ್ರು. ನಮ್ಮಣ್ಣ ಜವರಪ್ಪ 'ಹೂಂ' ಅಂದು ಫೋನ್ ಮಡಗ್ದ. ಬರ್ನಿಲ್ಲ. ಬದುಕಿವ್ನಿ ಅಂತ ಆಮೇಲೆ ಗೊತ್ತಾಯ್ತು, ಆಗ್ಲೂ ಬರ್ನಿಲ್ಲ. ಅದ್ಕೇ ಕತೇಲಿ ಬರುಸ್ದೆ. ನಡ್ದಿದ್ದನ್ನೇ ಬರೆಯೋದಾದ್ರೆ ನಾನ್ಯಾಕೆ ಇಲ್ಲಿಗೆ ಬಂದು ಕಲೀಬೇಕಿತ್ತು?"

ಗಿರಿಜಾಂಬಾ ಹಾಳೆಗಳನ್ನು ಕೈಗೆ ತೆಗೆದುಕೊಂಡು, "ನನಗೂ ಗೊತ್ತಾಗ್ತಿಲ್ಲ ಮಂಚಮ್ಮ. ಇನ್ನೊಂದ್ಸಲ ಓದಿ ಹೇಳ್ತೀನಿ," ಎನ್ನುತ್ತಾರೆ.

ರಾತ್ರಿಯ ಅಡುಗೆಗೆ ಹೊತ್ತಾಯಿತೆಂದು ಮಂಚಮ್ಮ ಬಿರಬಿರನೆ ಮೆಸ್ಸಿನ ಕಡೆ ನಡೆಯುತ್ತಾರೆ. ಜೊತೆಗೆ ಬಂದ ರಕ್ಷಿತಾ, "ಅಚ್ಚಾಗದಿದ್ರೆ ಏನ್ಮಾಡ್ತೀರ ಆಂಟಿ? ಆ ಕೊನೆ ಒಂದು ತೆಗೆದುಬಿಡಬಾರದಾ?" ಎನ್ನುತ್ತಾಳೆ.

"ಎಂಗಮ್ಮ ತೆಗೀಲಿ? ಉಣ್ಣಕ್ಕೆ ಕೂತವ್ನೆ. ಕೂತೋನ್ನ ಏಳುಸ್ಲಾ?"