ಗೋಡೆಯಾಚೆಯ ಹಳದಿ ಹೂ

ಚಳಿ ಬಿಟ್ಟಿತು ಅಂತ ನಮ್ಮ ಬೀದಿಗೆಲ್ಲ ಸಾರುವವರು ಇಸ್ತ್ರಿ ಅತ್ತೆ. ಬೆಳಿಗ್ಗೆ ಕೆಲಸಕ್ಕೆ ಹೊರಟವರು ನಮ್ಮ ಕಿಟಕಿಯ ಕೆಳಗೆ ನಿಂತು, "ಏ ಹುಡುಗೀ, ಕಿಟಕಿ ತೆಗಿಯೇ! ಹಾಸಿಗೆ ಬಿಸಿಲಿಗೆ ಹಾಕು. ನಿನ್ನ ಗಂಡನನ್ನೂ ಒಂದು ಗಳಿಗೆ ಹೊರಗೆ ಹಾಕು, ವಾಸನೆ ಹೋಗಲಿ" ಅಂತ ಕೂಗಿದರೆ ಅವತ್ತಿನಿಂದ ನಮ್ಮ ಮನೆಗೆ ವಸಂತ.

ಅವರು ನನ್ನ ಗಂಡನ ಸೋದರತ್ತೆ. ಆಸ್ಪತ್ರೆಯ ಹಿಂಬದಿಯ ಲಾಂಡ್ರಿಯಲ್ಲಿ ಕೆಲಸ. ಹಬೆ ತುಂಬಿದ ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಹಾಸಿಗೆ ಬಟ್ಟೆಯ ರಾಶಿ, ಮಧ್ಯದಲ್ಲಿ ಬಿಸಿ ರೋಲರು. ರೋಲರಿನಿಂದ ಹೊರಬರುವ ಬಟ್ಟೆಯನ್ನು ಇಬ್ಬರು ಹೆಂಗಸರು ಎರಡು ತುದಿ ಹಿಡಿದು, ಹತ್ತಿರ ಬಂದು, ದೂರ ಹೋಗಿ, ಮಡಚುತ್ತಾರೆ. ಅತ್ತೆಯ ಮುಂಗೈ ಮೇಲೆಲ್ಲ ಸುಟ್ಟ ಕಲೆಗಳು. ಮಾತಾಡುವಾಗಲೂ ಅವರ ಕಣ್ಣು ಎದುರಿಗಿದ್ದವರ ಕಾಲರಿನ ಮೇಲೆಯೇ. ನನ್ನ ಮದುವೆಯ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ ಅವರು ಅಂದ ಮೊದಲ ಮಾತು, "ಹುಡುಗಿ ಚೆನ್ನಾಗಿದ್ದಾಳೆ. ಬಟ್ಟೆಗೆ ಇಸ್ತ್ರಿ ಹಾಕಿದವನ ಕೈ ಮುರಿಯಬೇಕು."

ಚರ್ಚಿನ ಬಲಿಪೀಠಕ್ಕೆ ಹಾಸುವ ಬಿಳಿ ಬಟ್ಟೆಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿಕೊಡುವವರೂ ಅವರೇ. ತಾರುಣ್ಯದಿಂದ ನಡೆದುಬಂದ ಸೇವೆ. ಈಸ್ಟರಿನ ಹಿಂದಿನ ವಾರ ಅವರ ಅಡುಗೆಮನೆಗೆ ಹೋದರೆ ಕೂರಲು ಜಾಗ ಇರುವುದಿಲ್ಲ. ಕುರ್ಚಿಯ ಬೆನ್ನಿಗೆ, ಬಾಗಿಲಿಗೆ, ಹಗ್ಗಕ್ಕೆ, ಎಲ್ಲೆಲ್ಲೂ ಬಿಳುಪು. "ಮುಟ್ಟಬೇಡ, ನಿನ್ನ ಕೈಯಲ್ಲಿ ಮಗುವಿನ ಜೊಲ್ಲಿದೆ" ಅಂತ ನನಗೆ ಬೈಗುಳ. ಮಗುವಿಗೆ ಮಾತ್ರ ಒಂದು ಒದ್ದೆ ಕರವಸ್ತ್ರ ಕೊಟ್ಟು, ಆರಿದ ಇಸ್ತ್ರಿ ಪೆಟ್ಟಿಗೆ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಆ ಕರವಸ್ತ್ರವನ್ನು ಉಜ್ಜಿ ಉಜ್ಜಿ ನನ್ನ ಮಗಳು ಅವರಿಗೆ ಇಸ್ತ್ರಿ ಅಜ್ಜಿ ಅಂತ ಹೆಸರಿಟ್ಟಳು.

ಅವರಿಗೊಂದು ಮಗು ಇತ್ತು ಅನ್ನುವುದು ನನಗೆ ಬಹಳ ದಿನ ಗೊತ್ತಿರಲಿಲ್ಲ. ಗೊತ್ತಾದದ್ದು ನನ್ನ ಮಗಳಿಗೆ ಜ್ಞಾನಸ್ನಾನ ಮಾಡಿಸುವ ಮುಂಚೆ. ಹೊಸ ತಂದೆತಾಯಂದಿರಿಗೆ ಫಾದರ್ ಒಂದು ತರಗತಿ ತೆಗೆದುಕೊಳ್ಳುತ್ತಾರೆ. ಗಂಡನಿಗೆ ಕೆಲಸವಿತ್ತು, ಅತ್ತೆ ಜೊತೆಗೆ ಬಂದು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಫಾದರ್ ಆಗ ಊರಿಗೆ ಹೊಸಬರು, ವಯಸ್ಸಿನಲ್ಲಿ ಅತ್ತೆಯ ಮಗನಂತಿದ್ದವರು. ಮಾತಿನ ಮಧ್ಯೆ ಅಂದರು: "ಮಗುವಿನ ಜೀವಕ್ಕೆ ಅಪಾಯ ಇದ್ದರೆ ಪಾದ್ರಿಗಾಗಿ ಕಾಯಬೇಕಿಲ್ಲ. ಯಾರು ಬೇಕಾದರೂ ತಲೆಯ ಮೇಲೆ ನೀರು ಹಾಕಿ ಪ್ರಾರ್ಥನೆಯ ಮಾತು ಹೇಳಬಹುದು. ಜ್ಞಾನಸ್ನಾನ ಆದ ಹಾಗೇ ಲೆಕ್ಕ."

"ಯಾರು ಬೇಕಾದರೂನಾ ಫಾದರ್?" ಅಂದರು ಅತ್ತೆ.

"ಯಾರು ಬೇಕಾದರೂ ಅಮ್ಮ. ತಾಯಿಯೂ."

"ಇದು ಈಗ ಬಂದ ನಿಯಮನಾ?"

"ಇಲ್ಲಮ್ಮ, ಮೊದಲಿನಿಂದಲೂ ಇದೆ."

ಅತ್ತೆ ಮಗುವನ್ನು ನನ್ನ ಕೈಗೆ ಕೊಟ್ಟು ಎದ್ದು ಹೋದರು. ತರಗತಿ ಮುಗಿದು ನಾನು ಹೊರಗೆ ಬಂದಾಗ ಸಿಮಿಟ್ರಿಯ ಗೋಡೆಯ ಹೊರಗಡೆ, ಕಾಲುದಾರಿಯ ಪಕ್ಕ, ಹುಲ್ಲಿನ ಮೇಲೆ ಕೂತಿದ್ದರು. ಅವರ ಮುಂದೆ ಹಳದಿ ಹೂಗಳ ಒಂದು ಚಿಕ್ಕ ಗುಂಪು, ಗೆಡ್ಡೆಯಿಂದ ವಸಂತಕ್ಕೆ ಮಾತ್ರ ಏಳುವ ಜಾತಿ. ಸಮಾಧಿಗಳೆಲ್ಲ ಗೋಡೆಯ ಒಳಗೆ. ಅಲ್ಲಿ ಇದ್ದದ್ದು ಹೂ ಮಾತ್ರ.

"ಹೆಣ್ಣು ಮಗು ಕಣೆ," ಅಂದರು. "ಶುಭ ಶುಕ್ರವಾರ ಬೆಳಿಗ್ಗೆ ಹುಟ್ಟಿತು, ನೀಲಿಗಟ್ಟಿತ್ತು. ನಮ್ಮ ಯಜಮಾನರು ಪಾದ್ರಿಯನ್ನ ಕರೆಯೋಕೆ ಓಡಿದರು. ಆಗಿನ ಪಾದ್ರಿ, ದೊಡ್ಡ ಗಡ್ಡದವರು. ಪ್ರಾರ್ಥನೆ ಮುಗೀಲಿ, ಬರ್ತೀನಿ ಅಂದರಂತೆ. ಆವತ್ತಿನ ಪ್ರಾರ್ಥನೆ ಎಷ್ಟುದ್ದ ಅಂತ ನಿನಗೇ ಗೊತ್ತಲ್ಲ. ಹಾಸಿಗೆ ಪಕ್ಕ ಚೊಂಬಿನಲ್ಲಿ ನೀರಿತ್ತು. ನಾನು ಕುಡಿಯೋಕೆ ಅಂತ ಇಟ್ಟಿದ್ದು. ಅದನ್ನ ನೋಡ್ತಾ ನೋಡ್ತಾ ಕಾದೆ."

ಜ್ಞಾನಸ್ನಾನ ಆಗದ ಮಗುವಿಗೆ ಸಿಮಿಟ್ರಿಯ ಒಳಗೆ ಜಾಗವಿಲ್ಲ ಅಂತ ಆಗಿನ ಪಾದ್ರಿ ಹೇಳಿದ್ದರಂತೆ. ಅತ್ತೆ ಬಾಣಂತಿ, ಎದ್ದು ಬರುವಂತಿರಲಿಲ್ಲ. ಗಂಡ ಮತ್ತು ಗುಂಡಿ ತೋಡುವವನು ಸಂಜೆ ಹೋಗಿ ಮುಗಿಸಿ ಬಂದರು. ಎಲ್ಲಿ ಅಂತ ಅವರಿಗೆ ತೋರಿಸಿದ್ದು ನಡೆಯುವ ಹಾಗಾದ ಮೇಲೆ. ಮರುವರ್ಷ ಅಲ್ಲಿ ಒಂದು ಗೆಡ್ಡೆ ಊರಿದರು. ಅದು ಮಣ್ಣಿನೊಳಗೇ ಒಡೆದು ಮರಿ ಹಾಕಿ ಗುಂಪಾಯಿತು. ಹೆಚ್ಚಾದ ಮರಿಗೆಡ್ಡೆಗಳನ್ನು ಎಲೆ ಒಣಗಿದ ಮೇಲೆ ಕಿತ್ತು ಪರಿಚಯದವರಿಗೆ ಹಂಚುತ್ತಾರೆ. "ನನ್ನ ಮೊಮ್ಮಕ್ಕಳು, ಚೆನ್ನಾಗಿ ನೋಡ್ಕೊಳ್ಳಿ" ಅನ್ನುತ್ತಾರೆ. ಜನ ನಗುತ್ತಾರೆ. ನಾನೂ ನಕ್ಕಿದ್ದವಳೇ, ಅವತ್ತಿನವರೆಗೆ.

ಬೇರೆ ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡಾಗ ಗೋಡೆಯ ಒಳಗೇ, ಆ ಜಾಗಕ್ಕೆ ಸರಿಯಾಗಿ ಎದುರಿಗೆ ಸಮಾಧಿ ಸಿಕ್ಕಿತು. "ಅಪ್ಪ ಒಳಗೆ, ಮಗಳು ಹೊರಗೆ, ಮಧ್ಯೆ ಒಂದು ಗೋಡೆ," ಅನ್ನುತ್ತಿದ್ದರು. "ಬದುಕಿದ್ದರೂ ಆ ಮನುಷ್ಯ ಹೀಗೇ ಇರ್ತಿದ್ದ ಬಿಡು, ಮಾತಿಲ್ಲ ಕತೆಯಿಲ್ಲ."

ಅಂಥ ಚರ್ಚಿಗೆ ಇನ್ನೂ ಯಾಕೆ ಬಟ್ಟೆ ಒಗೆದುಕೊಡುತ್ತೀರಿ ಅಂತ ಒಂದು ಸಲ ಕೇಳಿದ್ದೆ. ಅವರು ನನ್ನ ಮುಖ ನೋಡಲಿಲ್ಲ. "ಬಟ್ಟೆ ಏನು ಮಾಡ್ತು ಪಾಪ?" ಅಂದರು.

ಈ ವರ್ಷ ಅವರ ಮಂಡಿ ಕೈಕೊಟ್ಟಿತು. ಲಾಂಡ್ರಿಯಲ್ಲಿ ನಿಲ್ಲಲು ಆಗದೆ ಸ್ಟೂಲು ಕೇಳುವ ಹಾಗಾಯಿತು. ಈಸ್ಟರಿಗೆ ಮುಂಚಿನ ಉಪವಾಸದ ವಾರಗಳು ಶುರುವಾದಾಗ, ಇಸ್ತ್ರಿ ಮಾಡಿದ ಬಟ್ಟೆಯ ಗಂಟು ಹೊತ್ತುಕೊಂಡು ನಾನೂ ಅವರ ಜೊತೆ ಚರ್ಚಿಗೆ ಹೋದೆ. ದಾರಿಯಲ್ಲಿ ಹೇಳಿದರು:

"ಅವಳಿಗೊಂದು ಹೆಸರು ಇಟ್ಟಿದ್ದೀನಿ ಕಣೆ. ಯಜಮಾನರಿಗೂ ಹೇಳಿರಲಿಲ್ಲ. ಫಾದರ್ ಆ ಜಾಗಕ್ಕೆ ಬಂದು ಆಶೀರ್ವಾದ ಮಾಡಿ, ಆ ಹೆಸರನ್ನ ಬಾಯಿಬಿಟ್ಟು ಒಂದು ಸಲ ಹೇಳಲಿ. ನಾನು ಪಕ್ಕದಲ್ಲಿ ನಿಂತು ಕೇಳಬೇಕು. ನಾನು ಹೋದರೆ ಆ ಹೆಸರೂ ನನ್ನ ಜೊತೆಗೇ ಹೋಗುತ್ತೆ."

"ನನಗೆ ಹೇಳಿ ಅತ್ತೆ."

"ಮೊದಲು ಅವರ ಬಾಯಲ್ಲಿ ಬರಲಿ. ಆಮೇಲೆ ಬೀದಿಗೆಲ್ಲ ಡಂಗುರ ಹೊಡಿ."

ಫಾದರ್ ಒಳ್ಳೆಯವರು. ಕೇಳಿ ಅವರ ಕಣ್ಣು ತುಂಬಿತು. ಈಗ ಆ ಹಳೆಯ ಕಟ್ಟಳೆಗಳೆಲ್ಲ ಇಲ್ಲ, ಖಂಡಿತ ಮಾಡೋಣ ಅಂದರು. ಅತ್ತೆ, "ಹೆಸರು ಆವತ್ತೇ ನಿಮ್ಮ ಕಿವಿಯಲ್ಲಿ ಹೇಳ್ತೀನಿ. ಹಬ್ಬಕ್ಕೆ ಮುಂಚೆ ಆಗುತ್ತಾ ಫಾದರ್? ಹೂ ಇರುವಾಗ?" ಅಂದರು. ಫಾದರ್ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು. ಅದರ ತುಂಬ ಗೀಚಿತ್ತು. "ಹಬ್ಬ ಮುಗೀಲಿ ಅಮ್ಮ. ನಿಧಾನವಾಗಿ, ಚೆನ್ನಾಗಿ ಮಾಡೋಣ."

ಹೊರಗೆ ಬಂದ ಮೇಲೆ ಅತ್ತೆ, "ಇವರಿಗೆ ಗಡ್ಡ ಇಲ್ಲ, ಅಷ್ಟೇ ವ್ಯತ್ಯಾಸ" ಅಂದರು.

ನಮ್ಮ ಚರ್ಚಿನಲ್ಲಿ ಒಂದು ಪದ್ಧತಿ ಇದೆ. ಉಪವಾಸದ ದಿನಗಳಲ್ಲಿ ಬಾಗಿಲ ಬಳಿ ಒರಟು ಮರದ ಶಿಲುಬೆ ನಿಲ್ಲಿಸಿ, ಅದಕ್ಕೆ ತಂತಿಯ ಬಲೆ ಸುತ್ತಿ, ಬೋಳಾಗಿಯೇ ಬಿಡುತ್ತಾರೆ. ಹಬ್ಬದ ಹಿಂದಿನ ದಿನ ಮಕ್ಕಳು ಹೂ ತಂದು ಬಲೆಯ ಕಣ್ಣುಗಳಿಗೆ ಸಿಕ್ಕಿಸುತ್ತಾರೆ. ಭಾನುವಾರ ಬೆಳಿಗ್ಗೆ ಅದನ್ನು ಒಳಗೆ ತಂದು ಬಲಿಪೀಠದ ಪಕ್ಕ ಇಡುತ್ತಾರೆ, ಮರ ಒಂದಿಷ್ಟೂ ಕಾಣಬಾರದು. ನನ್ನ ಮಗಳಿಗೆ ಈ ಸಲ ಐದು ತುಂಬಿತ್ತು, ಮೊದಲ ಸಲ ಅವಳ ಸರದಿ. ಶನಿವಾರ ನಾವಿಬ್ಬರೂ ಬೆಳಿಗ್ಗೆಯಿಂದ ಮೊಟ್ಟೆಗಳಿಗೆ ಬಣ್ಣ ಹಚ್ಚಿ, ಕಿಟಕಿ ಒರೆಸಿ, ಒಡೆದ ಮೊಟ್ಟೆ ಚಿಪ್ಪುಗಳಲ್ಲಿ ಮಣ್ಣು ತುಂಬಿ ಬೀಜ ಹಾಕಿದ್ದೆವು. ಮಧ್ಯಾಹ್ನ ಚರ್ಚಿನ ಟೀಚರ್ ಮಕ್ಕಳನ್ನೆಲ್ಲ ಸಾಲು ಮಾಡಿ ಕರೆದುಕೊಂಡು ಹೋದರು. ಸಂಜೆ ಅವಳು ಮಣ್ಣು ಮೆತ್ತಿದ ಕೈಯಲ್ಲಿ ಕುಣಿಯುತ್ತಾ ಬಂದಳು. "ಎಲ್ಲರಿಗಿಂತ ಜಾಸ್ತಿ ನಾನೇ ತಂದೆ ಅಮ್ಮಾ!" ಎಲ್ಲಿಂದ ಅಂತ ಕೇಳಬೇಕಿತ್ತು. ಒಲೆಯ ಮೇಲೆ ಹಾಲಿತ್ತು, ಕೇಳಲಿಲ್ಲ.

ಭಾನುವಾರ ಅತ್ತೆ ತಡವಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮುಖ ಒಗೆದ ಬಟ್ಟೆಯ ಹಾಗೆ ಬಿಳಿಚಿತ್ತು. ಶಿಲುಬೆಯ ನಡುವಿನಲ್ಲಿ, ಎರಡು ಮರ ಕೂಡುವ ಕಡೆ, ಹಳದಿ ಹೂಗಳು ಒತ್ತೊತ್ತಾಗಿ ತುಂಬಿದ್ದವು. ಮಗಳು ಎಲ್ಲಿಂದ ತಂದಳು ಅಂತ ನನಗೆ ಆಗ ಹೊಳೆಯಿತು.

ಫಾದರ್ ಪ್ರಸಂಗದಲ್ಲಿ ಅದನ್ನೇ ತೋರಿಸಿದರು. "ಈ ಹಳದಿ ಹೂಗಳನ್ನು ನೋಡಿ. ಚಳಿಯಲ್ಲಿ ಸತ್ತ ಹಾಗಿದ್ದ ಮಣ್ಣಿನಿಂದ ಎದ್ದು ಬಂದಿವೆ..."

ಅತ್ತೆ ಎದ್ದರು. ಮಂಡಿ ನೋವಿನ ಕಾಲೆಳೆಯುತ್ತಾ ನಡುದಾರಿಯಲ್ಲಿ ಮುಂದೆ ಹೋದರು. ಒಂದು ಹೂ ಕಿತ್ತರು. ಇನ್ನೊಂದು. ಕಿತ್ತದ್ದನ್ನು ಮಡಿಲಿಗೆ ಹಾಕಿಕೊಂಡರು. ಬೋಳು ಮರ ಕಾಣತೊಡಗಿತು.

ಚರ್ಚಿನ ಕಾರ್ಯದರ್ಶಿ ಧಾವಿಸಿದರು. "ಏನಮ್ಮಾ ಇದು, ಹಬ್ಬದ ದಿನ!"

"ನಂದು ನಾನು ತಗೊಳ್ತಿದ್ದೀನಿ. ನಿಮ್ಮದು ಮುಟ್ಟಿಲ್ಲ."

"ಅಮ್ಮಾ!" ನನ್ನ ಮಗಳ ಅಳು ಇಡೀ ಚರ್ಚಿಗೆ ಕೇಳಿಸಿತು. "ಇಸ್ತ್ರಿ ಅಜ್ಜಿ ನನ್ನ ಹೂ ಕೀಳ್ತಿದ್ದಾರೆ!"

ಅತ್ತೆಯ ಕೈ ಅಲ್ಲೇ ನಿಂತಿತು. ತಿರುಗಿ ಅವಳನ್ನು ನೋಡಿದರು. ಯಾರೋ ಬೇಕೆಂದೇ ಕಿತ್ತಿದ್ದಾರೆ ಅಂತ ಬೆಳಿಗ್ಗೆಯಿಂದ ಕುದಿಯುತ್ತಿದ್ದರು ಅನಿಸುತ್ತೆ, ಅದು ಇವಳು ಅಂತ ಅಂದುಕೊಂಡಿರಲಿಲ್ಲ. ಉಳಿದ ಹೂಗಳನ್ನು ಶಿಲುಬೆಯಲ್ಲೇ ಬಿಟ್ಟು, ಮಡಿಲು ಹಿಡಿದುಕೊಂಡು ಹೊರಗೆ ಹೋದರು.

ಮಗಳನ್ನು ಎಳೆದುಕೊಂಡು ನಾನೂ ಹೋದೆ. ಗೋಡೆಯ ಹೊರಗೆ ಮೋಟು ಕಾಂಡಗಳ ಮುಂದೆ ಕೂತಿದ್ದರು.

"ಅಜ್ಜೀ, ಟೀಚರ್ ಹೇಳಿದ್ದರು, ಯಾರ ತೋಟದಲ್ಲೂ ಕೀಳಬೇಡಿ, ಸಮಾಧಿದು ಅಂತೂ ಮುಟ್ಟಲೇಬೇಡಿ ಅಂತ," ಮಗಳು ಬಿಕ್ಕಿದಳು. "ಇದು ತೋಟ ಅಲ್ಲ. ಸಮಾಧಿನೂ ಅಲ್ವಲ್ಲ."

"ಅಲ್ಲ ಮಗಳೇ," ಅಂದರು ಅತ್ತೆ. "ಟೀಚರ್ ಹೇಳಿದ್ದನ್ನ ನೀನು ಸರಿಯಾಗೇ ಕೇಳಿಸ್ಕೊಂಡಿದ್ದೀಯ." ಅವಳ ಮೂಗು ಒರೆಸಿ, ಅಂಗಿಯ ಕಾಲರ್ ನೇರ ಮಾಡಿದರು. ಆಮೇಲೆ ನನ್ನ ಕಡೆ, "ಅವಳಿಗೆ ಹೊಡೀಬೇಡ" ಅಂದರು.

ಪೂಜೆ ಮುಗಿದ ಕೂಡಲೇ ಫಾದರ್ ಪವಿತ್ರ ಜಲದ ಪಾತ್ರೆ ಹಿಡಿದು ಓಡೋಡಿ ಬಂದರು. ಹಿಂದೆ ಅರ್ಧ ಊರು. "ನನಗೆ ಗೊತ್ತಾಗಲಿಲ್ಲ ಅಮ್ಮ. ಈಗಲೇ ಮಾಡೋಣ."

ಅತ್ತೆ ಆ ಜನರನ್ನು ನೋಡಿದರು. ಒಬ್ಬರನ್ನೊಬ್ಬರು ತಳ್ಳಿಕೊಂಡು ಕತ್ತು ಉದ್ದ ಮಾಡುತ್ತಿದ್ದರು.

"ಹಬ್ಬ ಮುಗೀಲಿ ಫಾದರ್," ಅಂದರು. "ನಿಧಾನವಾಗಿ, ಚೆನ್ನಾಗಿ ಮಾಡೋಣ."

ನಾನು ಅವರ ಕೈ ಹಿಂಡಿದೆ. ಹೂಂ ಅನ್ನಿ ಅತ್ತೆ, ಹೂಂ ಅನ್ನಿ. ಅವರು ಅನ್ನಲಿಲ್ಲ. ಫಾದರ್ ಪಾತ್ರೆ ಹಿಡಿದುಕೊಂಡೇ ವಾಪಸು ಹೋದರು.

ಆ ಗುರುವಾರ ಮಧ್ಯಾಹ್ನ ಫಾದರ್ ಆ ಜಾಗಕ್ಕೆ ಬಂದರಂತೆ. ಕಾರ್ಯದರ್ಶಿ ಮತ್ತು ಗಂಟೆ ಹೊಡೆಯುವವನು ಜೊತೆಗಿದ್ದರಂತೆ. ನೀರು ಚಿಮುಕಿಸಿ, ಪ್ರಾರ್ಥನೆ ಓದಿ, ಒಂದು ಪುಟ್ಟ ಮರದ ಶಿಲುಬೆಯನ್ನೂ ನೆಟ್ಟು ಹೋದರಂತೆ. ಅತ್ತೆ ಆಗ ಲಾಂಡ್ರಿಯಲ್ಲಿದ್ದರು. ಯಾರೂ ಹೇಳಿಕಳಿಸಿರಲಿಲ್ಲ. ಸಂಜೆ ಬಲಿಪೀಠದ ಕೊಳೆ ಬಟ್ಟೆಯ ಗಂಟು ತಂದುಕೊಟ್ಟ ಗಂಟೆಯವನು, ಒಳ್ಳೆಯ ಸುದ್ದಿ ಅಂತ ನಗುನಗುತ್ತಾ ಹೇಳಿದ. ನಾನು ಅಲ್ಲೇ ಇದ್ದೆ.

"ಹೆಸರು ಏನಂತ ಹೇಳಿದರು?" ಅಂದರು ಅತ್ತೆ.

"ಹೆಸರಾ? 'ಈ ನಿನ್ನ ಪುಟ್ಟ ಮಗು' ಅಂದರು. ಚೆನ್ನಾಗಿ ಹೇಳಿದರಮ್ಮಾ. ನಿಮ್ಮ ಮಂಡಿ ನೋವಿಗೆ ಅಲ್ಲೀತನಕ ನಡೆಸೋದು ಬೇಡ ಅಂತ ಫಾದರೇ ಅಂದರು."

ಅವನು ಹೋದ ಮೇಲೆ ಅತ್ತೆ ಗಂಟು ಬಿಚ್ಚಿ ಬಟ್ಟೆ ನೆನೆಸಿದರು. "ಹೂಳುವಾಗಲೂ ನನ್ನ ಕರೀಲಿಲ್ಲ," ಅಂದರು. "ಬಾಣಂತಿ ಅಂತ ಆಗ, ಮಂಡಿ ನೋವು ಅಂತ ಈಗ. ಎಷ್ಟು ಕಾಳಜಿ ನೋಡು ನನ್ನ ಮೇಲೆ."

"ಮತ್ತೆ ಕೇಳೋಣ ಅತ್ತೆ. ನಾನೇ ಹೋಗಿ ಹೇಳ್ತೀನಿ."

"ಒಂದು ಜಾಗಕ್ಕೆ ಎಷ್ಟು ಸಲ ನೀರು ಹಾಕಿಸ್ತೀಯ? ಆಯ್ತಲ್ಲ, ಅವರ ಕೆಲಸ ಮುಗೀತು."

"ಹೆಸರು ನನಗಾದರೂ ಹೇಳಿ."

ತಲೆ ಅಲ್ಲಾಡಿಸಿದರು. ಆ ಬಟ್ಟೆಗಳನ್ನು ಎಂದಿನ ಹಾಗೇ ಒಗೆದು, ಗೆರೆ ಗೆರೆಯಾಗಿ ಮಡಚಿ, ಕೊಟ್ಟು ಬಂದರು. ಮುಂದಿನ ವರ್ಷಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂತಲೂ ಹೇಳಿ ಬಂದರು. ನನಗೆ ಅಂದರು: "ಎಲೆ ಒಣಗಲಿ. ಗೆಡ್ಡೆಗಳನ್ನೆಲ್ಲ ಕಿತ್ತು ಮನೆಗೆ ತರ್ತೀನಿ. ಅಲ್ಲಿ ಈಗ ಅವರ ಶಿಲುಬೆ ಇದೆಯಲ್ಲ, ಇನ್ನು ಅವರೇ ನೋಡ್ಕೊಳ್ಳಲಿ." ಮಣ್ಣು ತುಂಬಿದ ಡಬ್ಬಿಗಳನ್ನೂ ಬಾಗಿಲ ಬಳಿ ಸಾಲಾಗಿ ಇಟ್ಟರು.

ಅದಾಗಿ ಎಷ್ಟೋ ದಿನವಾಯಿತು. ನಮ್ಮ ಮೊಟ್ಟೆ ಚಿಪ್ಪಿನ ಸಸಿಗಳನ್ನು ಕುಂಡಕ್ಕೆ ಬದಲಾಯಿಸಿಯೂ ಆಯಿತು. ಅತ್ತೆ ದಿನವೂ ಸಂಜೆ ಲಾಂಡ್ರಿಯಿಂದ ಬರುವಾಗ ಸುತ್ತುಹಾಕಿ ಗೋಡೆಯ ಕಡೆಯಿಂದಲೇ ಬರುತ್ತಾರೆ. ನಿನ್ನೆ ಮಗಳ ಜೊತೆ ನಾನೂ ಹೋಗಿ ನೋಡಿದೆ. ಎಲೆಗಳು ಪೂರ್ತಿ ಒಣಗಿ, ಕಂದಾಗಿ, ನೆಲಕ್ಕೆ ಅಂಟಿಕೊಂಡಿವೆ. ಮುಟ್ಟಿದರೆ ಪುಡಿ.

ಬರುತ್ತಾ ಅವರ ಬಾಗಿಲಲ್ಲಿ ನಿಂತು, ಗೆಡ್ಡೆ ಕೀಳುವುದು ಯಾವಾಗ, ನಾನೂ ಬರಲಾ ಅಂತ ಕೇಳಿದೆ. ಡಬ್ಬಿಗಳಲ್ಲಿ ಇನ್ನೂ ಬರೀ ಮಣ್ಣೇ ಇತ್ತು. ಅತ್ತೆ ನನ್ನ ಮಗಳ ಫ್ರಾಕಿನ ಅಂಚನ್ನು ಬೆರಳಲ್ಲಿ ತೀಡುತ್ತಿದ್ದರು.

"ಇನ್ನೂ ಹಸಿ ಇದೆ ಕಣೆ," ಅಂದರು. "ಈಗ ಕಿತ್ತರೆ ಕೊಳೆಯುತ್ತೆ."

ಮಗಳು ಬಾಯಿ ತೆರೆದಳು. ನಾನು ಅವಳ ಕೈ ಒತ್ತಿ, "ಹೌದು ಅತ್ತೆ, ಇನ್ನೂ ಹಸಿ ಇದೆ" ಅಂದೆ.