ಗಣಪನ ಮುಂದಿನ ಹೂಜಿ ಗಿಡಗಳು

ನಾನು ಚಿಕ್ಕವಳಿದ್ದಾಗ, ಗಣೇಶನ ಹಬ್ಬ ಹತ್ತಿರ ಬಂತೆಂದರೆ ಅಮೆರಿಕದ ಈ ರಾಲಿ ಊರಿನ ಕನ್ನಡದವರಿಗೆಲ್ಲ ನಮ್ಮಮ್ಮನ ನೆನಪಾಗುತ್ತಿತ್ತು. ಪೂಜೆಗೆ ಇಪ್ಪತ್ತೊಂದು ಬಗೆಯ ಪತ್ರೆ ಬೇಕಲ್ಲ, ಅದಕ್ಕೆ. ಅಮ್ಮ ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ, ಇಲ್ಲಿಗೆ ಬಂದು ಡಾಕ್ಟರೇಟ್ ಮಾಡಿ, ಅಳಿದುಹೋಗುತ್ತಿರುವ ಗಿಡಗಳನ್ನು ಉಳಿಸುವ ಕೆಲಸದಲ್ಲಿದ್ದಳು. ನಮ್ಮ ಜನರ ಕಣ್ಣಿಗೆ ಮಾತ್ರ ಅವಳು ಎಲೆ ತಂದುಕೊಡುವವಳು. ಫೋನ್ ಮಾಡಿ, ಈ ಸಲವೂ ಪತ್ರೆ ನಿಮ್ಮದೇ ಎಂದು ಹೇಳಿ ಇಟ್ಟುಬಿಡುತ್ತಿದ್ದರು. ಅಮ್ಮ ನಕ್ಕು ಚೀಲ ಹಿಡಿದು ಹೊರಡುತ್ತಿದ್ದಳು. ನಾನು ಒಳಗೊಳಗೇ ಕುದಿಯುತ್ತಿದ್ದೆ. ಈಗ ನೆನೆದರೂ ಮೈ ಉರಿಯುತ್ತದೆ, ಮಕ್ಕಳೇ.

ಬೀಚಿಗೆ ಹೋಗುವ ದಾರಿಯಲ್ಲಿ ಅಮ್ಮನ ಜೀವವೇ ಆಗಿದ್ದ ಒಂದು ಒದ್ದೆ ಬಯಲಿತ್ತು. ಅಲ್ಲೊಂದು ಇಲ್ಲೊಂದು ಎತ್ತರದ ಪೈನ್ ಮರ, ಕೆಳಗೆ ಕೂದಲಿನಂಥ ಹುಲ್ಲು, ಹುಲ್ಲಿನ ನಡುವೆ ಹೂಜಿ ಗಿಡಗಳು. ಮೊಣಕಾಲೆತ್ತರದ ಹಳದಿ ಹಸಿರು ಕೊಳವೆ, ಅದರ ತಲೆಯ ಮೇಲೊಂದು ಮುಚ್ಚಳ. ಸಿಹಿಗೆ ಆಸೆಪಟ್ಟು ಬಂದ ನೊಣ ಜಾರಿ ಒಳಗೆ ಬಿದ್ದರೆ ಮುಗಿಯಿತು, ಗಿಡ ಅದನ್ನು ಅರಗಿಸಿಕೊಂಡುಬಿಡುತ್ತಿತ್ತು. ಕೊಳವೆಗೆ ಕಿವಿ ಕೊಟ್ಟರೆ ಒಳಗೆ ಸಿಕ್ಕಿಬಿದ್ದ ನೊಣ ಗುಂಯ್‌ಗುಡುವುದು ಕೇಳುತ್ತಿತ್ತು. ಪೊದೆಗಳು ಬೆಳೆದು ನೆರಳಾದರೆ ಈ ಗಿಡಗಳು ಬದುಕುವುದಿಲ್ಲ. ಅದಕ್ಕೇ ಚಳಿಗಾಲದಲ್ಲಿ ಅಮ್ಮ ಮತ್ತು ಅವಳ ಜೊತೆಯವರು ಪೊದೆಗಳಷ್ಟೇ ಸುಡುವಂತೆ ಬಯಲಿಗೆ ಅಳತೆಯ ಬೆಂಕಿ ಹಾಕುತ್ತಿದ್ದರು. ಅಂಥ ದಿನ ಮನೆಗೆ ಬಂದ ಅಮ್ಮನ ಜಡೆಯಲ್ಲಿ ಹೊಗೆಯ ವಾಸನೆ ಇರುತ್ತಿತ್ತು, ನನಗೆ ಅದು ಬಲು ಇಷ್ಟ.

ಆ ಬಯಲು ಒಬ್ಬ ಮುದುಕನದಾಗಿತ್ತು. ಅಲ್ಲಿ ಮಣ್ಣು ತುಂಬಿಸಿ ಅಂಗಡಿ ಸಾಲು ಕಟ್ಟುವ ಜನ ಅವನ ಬಾಗಿಲಲ್ಲೇ ಕಾದಿದ್ದರು. ಅಮ್ಮ ಅವನ ಮನೆಗೆ ಅಲೆದೂ ಅಲೆದೂ ಅದನ್ನು ಸರ್ಕಾರಕ್ಕೆ ಮಾರಲು ಒಪ್ಪಿಸಿದ್ದಳು. ಹಬ್ಬ ಕಳೆದ ಸೋಮವಾರ ಅಧಿಕಾರಿ ಬಂದು ನೋಡುವವರಿದ್ದರು. ಗಿಡಗಳು ಎಲ್ಲಿಯವರೆಗೆ ದಟ್ಟವಾಗಿವೆಯೋ ಅಲ್ಲಿಯವರೆಗೆ ಮಾತ್ರ ಸರ್ಕಾರ ಕೊಳ್ಳುವುದೆಂದು ಮಾತಾಗಿತ್ತು. ಆ ಓಡಾಟದಲ್ಲಿ ಅಮ್ಮ, ಈ ಸಲ ಪತ್ರೆ ತರಲು ಆಗುವುದಿಲ್ಲ, ನಿಮ್ಮ ಹಿತ್ತಲಲ್ಲಿ ಇರುವುದನ್ನೇ ಏರಿಸಿ ಎಂದು ಕನ್ನಡ ಸಂಘದ ಅಧ್ಯಕ್ಷರಿಗೆ ಹೇಳಿಬಿಟ್ಟಳು.

ಅಧ್ಯಕ್ಷರೆಂದರೆ ಮೈಸೂರಿನ ಒಬ್ಬ ಅಂಕಲ್. ನಗುಮುಖದವರು, ಎಲ್ಲದಕ್ಕೂ ಮುಂದು. ವಸಂತದಲ್ಲಿ ಅಮ್ಮ ನಂಬಿಕೆಯಿಂದ ಎಲ್ಲರನ್ನೂ ಪಿಕ್ನಿಕ್ಕಿಗೆಂದು ಆ ಬಯಲಿಗೆ ಕರೆದುಕೊಂಡು ಹೋಗಿದ್ದಾಗ ಇವರೂ ಬಂದಿದ್ದರು. ಮೊಸರನ್ನ ತಿನ್ನುತ್ತಾ ಎಲ್ಲವನ್ನೂ ನೋಡಿಕೊಂಡಿದ್ದರು.

ಶನಿವಾರ ಒಂದು ಶಾಲೆಯ ಊಟದ ಹಾಲಿನಲ್ಲಿ ಪೂಜೆ. ನೆಲದ ಪಾಲಿಶ್ ವಾಸನೆಯ ಜೊತೆ ಪುಳಿಯೋಗರೆಯ ವಾಸನೆ ಬೆರೆತಿತ್ತು. ಹೊಗೆಗೆ ಅಲಾರಂ ಹೊಡೆದುಕೊಳ್ಳುತ್ತದೆಂದು ಕರ್ಪೂರ ಹಚ್ಚುವಂತಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಮಂತ್ರ ಬರುತ್ತಿತ್ತು. ನಾವು ಒಳಗೆ ಕಾಲಿಟ್ಟದ್ದೇ ಅಮ್ಮ ನಿಂತುಬಿಟ್ಟಳು. ಗಣಪನ ಎರಡೂ ಬದಿಗೆ, ಅಡುಗೆಯ ಅಲ್ಯೂಮಿನಿಯಂ ಟ್ರೇಗಳಲ್ಲಿ, ಬೇರು ಕೆಸರಿನ ಸಮೇತ ಹೂಜಿ ಗಿಡಗಳನ್ನು ಸಾಲಾಗಿ ನಿಲ್ಲಿಸಿದ್ದರು. ಕೆಲವು ಕೊಳವೆಗಳಿಗೆ ಸೇವಂತಿಗೆ ಸಿಕ್ಕಿಸಿದ್ದರು. ಸೇವಂತಿಗೆ! ಹೂದಾನಿ ಮಾಡಿಕೊಂಡಿದ್ದರು ಅವನ್ನು.

ಅಂಕಲ್ ಕೈಮುಗಿದು ಓಡಿ ಬಂದರು. "ಹೇಗಿದೆ ಮೇಡಂ? ನೀವು ಬ್ಯುಸಿ ಅಂತ ನಾನೇ ಬೆಳಗ್ಗೆ ಡ್ರೈವ್ ಮಾಡ್ಕೊಂಡು ಹೋಗಿದ್ದೆ. ನಿಮಗೆ ಸರ್‌ಪ್ರೈಸ್ ಮಾಡೋಣ ಅಂತ. ರೋಡ್ ಪಕ್ಕಾನೇ ಸಿಕ್ಕಿತು."

ಅಮ್ಮನ ಮುಖ ಕೆಂಪಗಾಗಿತ್ತು. ಆದರೆ ದನಿ ಏರಲಿಲ್ಲ. "ಭಾಳ ಚಲೋ ಮಾಡೀರಿ," ಎಂದಳು. ನೇರ ಹೋಗಿ ಒಂದು ಟ್ರೇ ಎತ್ತಿ ನನ್ನ ಕೈಗೆ ಕೊಟ್ಟಳು. "ಹಿಡಿ. ಕಾರಿನ್ಯಾಗ ಇಡು."

ಹಾಲಿನಲ್ಲಿ ಗುಸುಗುಸು ಎದ್ದಿತು. ದೇವರಿಗೆ ಏರಿಸಿದ್ದನ್ನು ವಿಸರ್ಜನೆಗೆ ಮುಂಚೆ ತೆಗೆಯಬಾರದು ಎಂದು ಅಂಕಲ್ ಮೆಲ್ಲಗೆ ಹೇಳಿದರು, ಅವರ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಅಮ್ಮ ಎರಡನೆಯ ಟ್ರೇ ಎತ್ತಿಕೊಂಡೇ ಹೇಳಿದಳು, "ಗಣಪ್ಪಗ ಗರಿಕೆ ಸಾಕ್ರಿ. ಅಂವ ಎಂದಾದ್ರೂ ಇದನ್ನ ಬೇಡ್ಯಾನೇನು? ಪಾಪ ಬಂದ್ರ ನನಗ ಬರಲಿ."

ಬಂದವರೇ ಊಟ ಬಡಿಸುವ ಕಡೆ ಹೋಗಿದ್ದ ಅಪ್ಪ ಸೌಟು ಇಟ್ಟು ಕಾರು ತಂದರು. ಯಾರೂ ನಮಗೆ ಸಹಾಯಕ್ಕೆ ಬರಲಿಲ್ಲ. ಒಬ್ಬ ಆಂಟಿ ಅಮ್ಮನಿಗೆ ಕೇಳುವಂತೆಯೇ, ಓದಿದ ಸೊಕ್ಕು ಎಂದರು. ಆ ಆಂಟಿಯ ರೇಷ್ಮೆ ಸೀರೆಗೆ ಕೆಸರು ಎರಚಬೇಕೆನ್ನುವಷ್ಟು ಸಿಟ್ಟು ಬಂದಿತ್ತು ನನಗೆ. ಎರಚಲಿಲ್ಲ, ಗಿಡದ ಬೇರಿಗೆ ಬೇಕಾದ ಕೆಸರು ಅದು.

ನೇರ ಬಯಲಿಗೇ ಹೋದೆವು. ರಸ್ತೆಯ ಅಂಚಿನ ಭಾಗವೆಲ್ಲ ಹಂದಿ ಉತ್ತಂತೆ ಆಗಿತ್ತು. ಅಮ್ಮ ಇಳಕಲ್ ಸೀರೆ ಎತ್ತಿ ಕಟ್ಟಿ ಕೂತಳು. ಅಪ್ಪ ಪ್ಯಾಂಟು ಮಡಚಿ ಗುಂಡಿ ಸರಿಮಾಡಿದರು, ನಾನು ಒಂದೊಂದೇ ಗಿಡದ ಸೇವಂತಿಗೆ ಕಿತ್ತು ಬಿಸಾಡಿ ಅಮ್ಮನಿಗೆ ಕೊಟ್ಟೆ. ತಣ್ಣನೆಯ ಕೆಸರು, ಸೊಳ್ಳೆ, ಪೈನ್ ಎಲೆಗಳ ಘಮ. ಹೊತ್ತು ಮುಳುಗುವವರೆಗೂ ಅಮ್ಮ ಒಂದೊಂದೇ ಗಿಡ ನೆಟ್ಟು ಮಣ್ಣು ಒತ್ತಿದಳು. ನಾನು ಸಿಟ್ಟಿಗೆ ಅಳುತ್ತಲೇ ಇದ್ದೆ.

ಸೋಮವಾರ ಅಧಿಕಾರಿ ಬಂದಾಗ ಅಮ್ಮ ಏನನ್ನೂ ಮುಚ್ಚಿಡಲಿಲ್ಲ. ನಮ್ಮ ಜನರೇ ಕಿತ್ತಿದ್ದು, ನಾವೇ ತಿರುಗಿ ನೆಟ್ಟಿದ್ದು ಎಂದು ಹೇಳಿದಳು. ನೆಟ್ಟ ಗಿಡಗಳು ಆಗಲೇ ತಲೆ ಬಾಗಿಸಿದ್ದವು. ಅಧಿಕಾರಿ ಪಾಪ ಒಳ್ಳೆಯವರೇ, ಆದರೆ ಸರ್ಕಾರದ ಗೆರೆಯನ್ನು ಗಟ್ಟಿ ಗಿಡಗಳು ನಿಂತಲ್ಲಿಗೇ ಎಳೆದರು. ಒಳಗಿನ ಬಯಲು ಉಳಿಯಿತು. ರಸ್ತೆ ಬದಿಯ ಭಾಗ ಅಂಗಡಿಯವರ ಪಾಲಾಯಿತು.

ವರ್ಷಗಳಾದ ಮೇಲೆ, ಅಮ್ಮ ತೀರಿಕೊಂಡಾಗ, ಅದೇ ಸಂಘದವರು ಸಭೆ ಮಾಡಿದರು. ಅದೇ ಅಂಕಲ್ ಮೈಕು ಹಿಡಿದು, ಗಿಡಗಳೆಂದರೆ ಇವರಿಗೆ ಪ್ರಾಣ, ಇಂಥ ಕನ್ನಡತಿ ನಮ್ಮ ಹೆಮ್ಮೆ ಎಂದರು. ಅಂಗಡಿ ಸಾಲಿನ ಸುದ್ದಿ ಅವರ ಬಾಯಲ್ಲಿ ಬರಲಿಲ್ಲ. ನಾನು ಎದ್ದು ಹೊರಗೆ ಹೋದೆ.

ಹೋದ ಬೇಸಿಗೆ ಬೀಚಿಗೆ ಹೋಗುವಾಗ ಐಸ್‌ಕ್ರೀಮಿಗೆಂದು ನಾವು ಇಳಿದೆವಲ್ಲ, ಆ ಪಾರ್ಕಿಂಗ್ ಜಾಗದಲ್ಲೇ ಅಪ್ಪ, ಅಮ್ಮ, ನಾನು ಮೂವರೂ ಅವತ್ತು ಕೆಸರಿನಲ್ಲಿ ಕೂತಿದ್ದದ್ದು. ಬೇಲಿಯಾಚೆ ಅಮ್ಮನ ಬಯಲಿದೆ. ನೀವು ಮರದ ಹಲಗೆಯ ಹಾದಿಯ ಮೇಲೆ ನಿಂತು ಫೋಟೋ ತೆಗೆದಿರಿ. ಮುಟ್ಟಬಾರದು ಎಂದು ಫಲಕದಲ್ಲಿದ್ದದ್ದನ್ನು ನನಗೇ ಓದಿ ಹೇಳಿದಿರಿ. ನಮ್ಮ ಕಾಲದಲ್ಲಿ ಫಲಕ ಇರಲಿಲ್ಲ, ಅಮ್ಮ ಇದ್ದಳು. ನೀವು ಒಂದು ಎಲೆಯನ್ನೂ ಕೀಳುವ ಮಕ್ಕಳಲ್ಲ, ನನಗೆ ಗೊತ್ತು. ಆದರೆ ನಿಮ್ಮ ಬಿಳಿ ಬೂಟಿಗೆ ಕೆಸರಿನ ಚುಕ್ಕೆಯೂ ಹತ್ತಲಿಲ್ಲ. ನೀವು ಐಸ್‌ಕ್ರೀಮ್ ತಿನ್ನುತ್ತಿದ್ದಾಗ ನಾನು ಬೇಲಿ ಹಿಡಿದು ನೋಡುತ್ತಿದ್ದೆ. ಹೊಗೆ ಬಂದರೆ ಗಿರಾಕಿ ಬರುವುದಿಲ್ಲವೆಂದು ಅಂಗಡಿಯವರು ತಕರಾರು ತೆಗೆದು ಬೆಂಕಿ ಹಾಕುವುದನ್ನು ನಿಲ್ಲಿಸಿದ್ದಾರೆ. ಪೊದೆಗಳು ಸೊಂಟದೆತ್ತರಕ್ಕೆ ಬಂದಿವೆ. ಅವುಗಳ ನೆರಳಲ್ಲಿ ಹೂಜಿ ಗಿಡಗಳು ಬಡವಾಗಿವೆ.

ಈ ಚಳಿಗಾಲ ಪೊದೆ ಕಡಿಯಲು ಬರುತ್ತೇವೆಂದು ಬಯಲು ನೋಡಿಕೊಳ್ಳುವವರ ಬಳಿ ಹೆಸರು ಕೊಟ್ಟು ಬಂದಿದ್ದೇನೆ. ನನ್ನದು ಮಾತ್ರವಲ್ಲ, ನಿಮ್ಮಿಬ್ಬರದೂ. ಹಳೆಯ ಬೂಟು ಹುಡುಕಿಟ್ಟುಕೊಳ್ಳಿ.