ನೀರು ಮುಟ್ಟದ ಸವಾರ

ಎರಡನೆಯ ದಿನದ ಸೈಕಲ್ ಓಟ ನಮ್ಮ ಬದಿಯಡ್ಕದಲ್ಲಿ ಮುಗಿದ ಸಂಜೆ, ಇವರು ಹಿತ್ತಲಿನಿಂದ ನನ್ನನ್ನು ಕರೆದರು. ಹೋಗಿ ನೋಡಿದೆ. ಕಲ್ಲಿನ ಮೇಲೆ ಹರಿದ ಮೂತ್ರ ಹಾಲು ಹಾಕದ ಚಾಯದ ಬಣ್ಣದಲ್ಲಿತ್ತು.

"ಉಷ್ಣ ಆದದ್ದು. ಅಮ್ಮನಿಗೆ ಹೇಳಬೇಡ."

ಉಷ್ಣವಂತೆ! ನನ್ನ ಕೈಕಾಲು ತಣ್ಣಗಾಯಿತು.

ನನ್ನ ಗಂಡನಿಗೆ ಪೇಟೆಯಲ್ಲಿ ಬಾಡಿಗೆ ಸೈಕಲಿನ ಅಂಗಡಿ ಇದೆ. ಆದರೆ ಜೀವವೆಲ್ಲ ರೇಸಿನ ಮೇಲೆ. ಮಂಗಳೂರಿನ ಸೈಕಲ್ ವ್ಯಾಪಾರಿಯೊಬ್ಬರು ತಮ್ಮ ಅಂಗಡಿಯ ಹೆಸರಿನ ಬನಿಯನ್ ತೊಡಿಸಿ, ಸಂಬಳ ಕೊಟ್ಟು ಇವರನ್ನು ಓಡಿಸುತ್ತಾರೆ. ಈ ಸಲದ್ದು ಮೂರು ದಿನದ ರೇಸು. ಮೊದಲು ಮಂಗಳೂರಿನಿಂದ ಕಾಸರಗೋಡಿಗೆ, ಮಾರನೆಯ ದಿನ ಬೋವಿಕಾನದ ಏರುಗಳನ್ನು ಹತ್ತಿಳಿದು ಬದಿಯಡ್ಕಕ್ಕೆ, ಕೊನೆಯ ದಿನ ವಾಪಸು ಮಂಗಳೂರಿಗೆ. ಎಲ್ಲ ದಿನದ ಹೊತ್ತು ಕೂಡಿಸಿ ಗೆದ್ದವರನ್ನು ಹೇಳುವುದು. ಎರಡು ದಿನದ ಲೆಕ್ಕದಲ್ಲಿ ಇವರು ಎರಡನೆಯವರಾಗಿದ್ದರು, ಅದೇ ಕಷ್ಟಕ್ಕೆ ಬಂದದ್ದು.

ಇವರಿಗೆ ರೇಸು ಕಲಿಸಿದ ಉಸ್ತಾದರದ್ದೊಂದು ನೇಮ. ಸೈಕಲ್ ಹತ್ತಿದವನು ಇಳಿಯುವ ತನಕ ನೀರು ಮುಟ್ಟಬಾರದು. ಕುಡಿದರೆ ತೊಡೆ ಸಡಿಲವಾಗುತ್ತದಂತೆ. ಬಾಯಿ ಒಣಗದ ಹಾಗೆ ಉಪ್ಪಿನ ನೆಲ್ಲಿಕಾಯಿಯೊಂದನ್ನು ದವಡೆಯಲ್ಲಿ ಇಟ್ಟುಕೊಳ್ಳುವುದು. ಮೊಗ್ರಾಲಿನ ಕಡವಿನಲ್ಲಿ, ಉರಿಬಿಸಿಲಿನಲ್ಲಿ, ಸೈಕಲ್ ಹೊತ್ತು ದೋಣಿ ಕಾಯುವಾಗ ಯಾರೋ ತಂಬಿಗೆ ನೀರು ಕೊಟ್ಟರೆ ಇವರು ತಲೆಗೆ ಸುರಿದುಕೊಂಡರಂತೆ, ಬಾಯಿಗೆ ಹಾಕಲಿಲ್ಲವಂತೆ. ಓಟ ಮುಗಿದ ಮೇಲೂ, ನಾಳೆ ಮತ್ತೆ ಉಂಟಲ್ಲ ಎಂದು ಎರಡು ಗುಟುಕು, ಅಷ್ಟೆ. ಇದನ್ನೆಲ್ಲ ನನ್ನ ಹತ್ತಿರ ಹೆಮ್ಮೆಯಿಂದ ಹೇಳಿದ್ದರು.

ಮಾರನೆಯ ಬೆಳಿಗ್ಗೆ ಇವರಿಗೆ ಕಾಲು ಎತ್ತಲಾಗಲಿಲ್ಲ. ತೊಡೆ ಮರದ ಹಾಗೆ ಬಿಗಿದಿತ್ತು. ಮೂತ್ರ ನಿಂತಿತ್ತು. ಉಳಿದ ಸವಾರರು ಪೇಟೆಯಿಂದ ಹೊರಡುವ ಹೊತ್ತಿಗೆ ನಾನೂ ಅತ್ತೆಯೂ ಇವರನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಕಾಸರಗೋಡಿನ ಆಸ್ಪತ್ರೆಗೆ ಹೊರಟಿದ್ದೆವು. ಹೊರಗೆ ಗದ್ದಲ ಕೇಳಿ ಇವರು ಕಣ್ಣು ಮುಚ್ಚಿಕೊಂಡೇ, "ಯಾರು ಮುಂದೆ ಉಂಟು, ನೋಡು" ಎಂದರು. ನನಗೆ ಬಂದ ಸಿಟ್ಟು ದೇವರಿಗೇ ಗೊತ್ತು.

"ದಾರಿಯಲ್ಲಿ ಎಷ್ಟು ನೀರು ಕುಡಿದಿರಿ?" ಎಂದು ಡಾಕ್ಟರ್ ಕೇಳಿದರು.

"ಒಂದು ಹನಿ ಇಲ್ಲ, ಡಾಕ್ಟ್ರೇ." ಆಗಲೂ ಸ್ವರದಲ್ಲಿ ಗತ್ತು!

ಡಾಕ್ಟರ್ ಕೂಡಲೇ ಡ್ರಿಪ್ ಹಾಕಿಸಿದರು. ಯೂರಿನ್ ಬರಲಿಲ್ಲ. ಕ್ಯಾಥೆಟರ್ ಹಾಕಿ ನೋಡಿದರು, ಬ್ಲ್ಯಾಡರ್ ಖಾಲಿ. ಮರುದಿನವೂ ಖಾಲಿ. ಆಮೇಲೆ ಡ್ರಿಪ್ ತೆಗೆಸಿ ನನ್ನನ್ನು ಜಗಲಿಗೆ ಕರೆದರು.

"ಮೈ ಒಣಗಿದ ಮೇಲೂ ದುಡಿಸಿದ್ದಾರೆ. ಸ್ನಾಯು ಒಡೆದು ರಕ್ತಕ್ಕೆ ಸೇರಿ ಕಿಡ್ನಿ ಕಟ್ಟಿಹೋಗಿದೆ. ಇನ್ನು ದಿನಕ್ಕೆ ಒಂದು ಸಣ್ಣ ಲೋಟ ನೀರು, ಹೆಚ್ಚು ಕೊಡಬಾರದು. ಹೊರಗೆ ಹೋಗುವ ದಾರಿ ಇಲ್ಲ. ಕುಡಿದದ್ದು ಎದೆಗೆ ಏರುತ್ತದೆ. ಎಳನೀರು ಅಂತೂ ಬೇಡವೇ ಬೇಡ. ಅದರೊಳಗಿನ ಪೊಟ್ಯಾಸಿಯಂ ಉಪ್ಪು ಹಾರ್ಟನ್ನೇ ನಿಲ್ಲಿಸಿಬಿಡಬಹುದು."

"ಮದ್ದು?"

"ಇಲ್ಲ. ಕಿಡ್ನಿ ತಾನಾಗಿ ಏಳಬೇಕು."



ನೀರು ಬೇಡವೆಂದು ಗತ್ತು ಮಾಡಿದ ಮನುಷ್ಯ ಈಗ ನೀರಿಗಾಗಿ ನನ್ನ ಸೆರಗು ಹಿಡಿದು ಬೇಡುತ್ತಿದ್ದರು. "ಒಂದು ಗುಟುಕು ಕೊಡು ಮಾರಾಯ್ತಿ. ಬಾಯಿ ಒದ್ದೆ ಆಗುವಷ್ಟು." ನಾನು ಬಟ್ಟೆ ಅದ್ದಿ ತುಟಿ ಒರೆಸುತ್ತಿದ್ದೆ, ಇವರು ಬಟ್ಟೆಯನ್ನೇ ಚೀಪುತ್ತಿದ್ದರು. ಮುಖ ಊದಿತು. ಕಣ್ಣು ಸಣ್ಣದಾಯಿತು. ನರ್ಸ್ ಬಂದು ಮಂಚದ ಕೆಳಗಿನ ಮೂತ್ರದ ಬಾಟಲಿ ನೋಡುವಾಗಲೆಲ್ಲ ನಾನು ಬಾಟಲಿ ನೋಡದೆ ಅವಳ ಮುಖ ನೋಡುತ್ತಿದ್ದೆ. ಅವಳು ಪ್ರತಿ ಸಲವೂ ತಲೆ ಅಲ್ಲಾಡಿಸಿ ಹೋಗುತ್ತಿದ್ದಳು.

ಇನ್ನು ನಮ್ಮ ಕಡೆಯವರು! ಆಸ್ಪತ್ರೆಗೆ ಬರಿಗೈಯಲ್ಲಿ ಬರುವವರಲ್ಲ. ಬಂದವರೆಲ್ಲ ಎಳನೀರಿನ ಬೊಂಡ ತಂದರು. ಬೇಡವೆಂದರೂ ಕೇಳದೆ ಮಂಚದ ಕೆಳಗೆ ರಾಶಿ ಹಾಕಿದರು. ಮೂತ್ರ ಕಟ್ಟಿದವನಿಗೆ ಎಳನೀರಿಗಿಂತ ದೊಡ್ಡ ಮದ್ದು ಎಂತದ್ದು ಉಂಟು ಎಂದು ನನಗೇ ಬುದ್ಧಿ ಹೇಳಿದರು. ಅತ್ತೆಯೂ ಅದನ್ನೇ ನಂಬಿದರು.

ಒಂದು ಮಧ್ಯಾಹ್ನ ಬಟ್ಟೆ ಒಗೆದು ಬಂದು ನೋಡುತ್ತೇನೆ, ಅತ್ತೆ ಕೆತ್ತಿದ ಬೊಂಡವನ್ನು ಇವರ ಬಾಯಿಗೆ ಹಿಡಿದಿದ್ದಾರೆ.

ಕಿತ್ತು ಎಸೆದೆ.

ಬೊಂಡ ಉರುಳಿ ವಾರ್ಡಿನ ನೆಲವೆಲ್ಲ ಒದ್ದೆಯಾಯಿತು. ಇವರು ನೆಲ ನೋಡಿ ಮಗುವಿನ ಹಾಗೆ ಅತ್ತರು. "ಪಿಶಾಚಿ," ಎಂದರು ನನಗೆ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. "ಹೆತ್ತವಳು ನಾನು. ಬಾಯಾರಿದವನಿಗೆ ಕೊಡಬಾರದಾ?" ನಾನು ಅಳಲಿಲ್ಲ. ನೆಲ ಒರೆಸಿದೆ. ಒರೆಸುವಾಗ, ಒಂದು ವೇಳೆ ಇವರು ಉಳಿಯದೆ ಹೋದರೆ ಕೊನೆಗೆ ನೀರು ಕೂಡ ಕೊಡದವಳು ಎಂಬ ಮಾತು ಜನ್ಮವಿಡೀ ನನ್ನ ತಲೆಯ ಮೇಲೆ ಇರುತ್ತದಲ್ಲ ಎಂದುಕೊಂಡೆ. ಡಾಕ್ಟರರ ಮಾತೇ ತಪ್ಪಾಗಿದ್ದರೆ? ಅಂದಿನಿಂದ ಅತ್ತೆ ನನ್ನ ಹತ್ತಿರ ಮಾತು ಬಿಟ್ಟರು. ನಾನು ಮಂಚದ ಬಳಿಯಿಂದ ಕದಲಲಿಲ್ಲ.

ಹೀಗೆ ಒಂದು ವಾರ ಮೇಲಾಗಿರಬೇಕು. ಬೆಳಿಗ್ಗೆ ನರ್ಸ್ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಲೆ ಅಲ್ಲಾಡಿಸಲಿಲ್ಲ.

ತಳದಲ್ಲಿ ಸ್ವಲ್ಪ ಇತ್ತು.

ಸಂಜೆಗೆ ಇನ್ನಷ್ಟು. ಮತ್ತೆ ದಿನದಿಂದ ದಿನಕ್ಕೆ ಹೆಚ್ಚಿ, ಬಾಟಲಿ ತುಂಬಿ, ಇನ್ನೊಂದು ಬಾಟಲಿಯೂ ತುಂಬಿತು. ಡಾಕ್ಟರ್ ಮತ್ತೆ ರಕ್ತ ಪರೀಕ್ಷೆ ಮಾಡಿಸಿ ನಕ್ಕರು. "ಇನ್ನು ಮೂತ್ರ ಹೋದಷ್ಟಕ್ಕೆ ಸರಿಯಾಗಿ ನೀರು ಕುಡಿಯಬೇಕು. ಎಳನೀರೂ ಆದೀತು."

ಅತ್ತೆ ಮಂಚದ ಕೆಳಗಿನಿಂದ ಒಂದು ಬೊಂಡ ಎಳೆದರು. ಕತ್ತಿಯನ್ನು ತಾವು ಹಿಡಿಯಲಿಲ್ಲ, ನನ್ನ ಕೈಗೆ ಕೊಟ್ಟರು.

"ನೀನೇ ಕೆತ್ತು. ನೀನೇ ಕೊಡು," ಎಂದರು.

ನನಗೆ ಆಗ ಅಳು ಬಂತು. ಎಲ್ಲರೆದುರೇ ಅತ್ತುಬಿಟ್ಟೆ.

ಈಗ ಮನೆಗೆ ಬಂದಿದ್ದೇವೆ. ಅಂಗಡಿಯ ತನಕ ನಡೆಯುತ್ತಾರೆ, ಏರು ಬಂದರೆ ನಿಲ್ಲುತ್ತಾರೆ. ರೇಸಿನ ಸೈಕಲ್ ಗೋಡೆಗೆ ಒರಗಿದೆ. ಇನ್ನು ಮೇಲೆ ಓಡಬಹುದೋ ಇಲ್ಲವೋ, ಡಾಕ್ಟರ್ ಹೇಳಿಲ್ಲ, ನಾವು ಕೇಳಿಲ್ಲ. ಇವರು ಹಿತ್ತಲಿಗೆ ಹೋದರೆ ನನ್ನ ಕೆಲಸ ಅಲ್ಲಿಗೇ ನಿಲ್ಲುತ್ತದೆ, ಒಲೆಯ ಮೇಲೆ ಅನ್ನ ಸೀದರೂ ಸರಿ. ಅತ್ತೆಯೂ ಬಾಗಿಲಲ್ಲಿ ನಿಂತಿರುತ್ತಾರೆ. ಇವರಿಗೆ ಅದು ಗೊತ್ತು. ಯಾರೂ ಕೇಳದಿದ್ದರೂ ಅಲ್ಲಿಂದಲೇ ಕೂಗಿ ಹೇಳುತ್ತಾರೆ.

"ಬಂತು ಮಾರಾಯ್ತಿ, ಬಂತು! ಬಿಳಿಯೇ ಉಂಟು!"